ಜಾಗಟೆ ಬಾರಿಸುತ್ತಿದ್ದ ಆ ಸಿನಿಮಾ ಕಂಪನಿ ಏನಾಯಿತು?

ಪ್ರಶ್ನೆ: ಹಳೇ ಬ್ರಿಟಿಷ್ ಸಿನಿಮಾಗಳ ಶುರುವಿನಲ್ಲಿ ಕಟ್ಟುಮಸ್ತಾದ ಆಳೊಬ್ಬ ದೊಡ್ಡ ಜಾಗಟೆ ಬಾರಿಸುತ್ತಾನಲ್ಲ, ಅದು ಯಾವ ಕಂಪನಿ? ಜಾಗಟೆ ನಿಜವಾದದ್ದಾ? ಸ್ಟುಡಿಯೊ, ಥಿಯೇಟರು ಎಲ್ಲ ಅವರದೇ ಆಗಿತ್ತಂತೆ, ಆಮೇಲೆ ಎಲ್ಲಿ ಹೋದರು?

ಉತ್ತರ: ಮೊದಲು ಜಾಗಟೆ ವಿಷಯ ಮುಗಿಸಿಬಿಡೋಣ. ಅದು ಸುಳ್ಳು ಜಾಗಟೆ, ಕಾಗದ ಅರೆದು ಮಾಡಿದ್ದು. ಜೋರಾಗಿ ಹೊಡೆದರೆ ಹರಿದೇ ಹೋಗುತ್ತಿತ್ತು! ಸದ್ದು ಜೇಮ್ಸ್ ಬ್ಲೇಡ್ಸ್ ಎಂಬ ತಾಳವಾದ್ಯಗಾರರದು, ಬೇರೆ ಕಡೆ ಬಾರಿಸಿ ಸೇರಿಸಿದ್ದು. ಬಾರಿಸುವ ಆಳೂ ಒಬ್ಬನೇ ಅಲ್ಲ. ಬಾಕ್ಸರ್ ಬಿಲ್ಲಿ ವೆಲ್ಸ್ ಒಬ್ಬರು. ಕೊನೆಯವರು ಕುಸ್ತಿಪಟು ಕೆನ್ ರಿಚ್ಮಂಡ್. ನಮ್ಮ ಖಾಶಾಬಾ ಜಾಧವ್ ಕಂಚು ಗೆದ್ದರಲ್ಲ, ಅದೇ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಇವರಿಗೂ ಕಂಚು ಬಂದಿತ್ತು.

ಕಂಪನಿಯ ಹೆಸರು ರ‍್ಯಾಂಕ್ ಆರ್ಗನೈಸೇಷನ್. ಕಟ್ಟಿದವರು ಜೆ. ಆರ್ಥರ್ ರ‍್ಯಾಂಕ್. ಮನೆತನದ ಕಸುಬು ಹಿಟ್ಟಿನ ಗಿರಣಿ. ಕಟ್ಟಾ ಮೆಥಡಿಸ್ಟ್ ಕ್ರೈಸ್ತರು, ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಸಿನಿಮಾಕ್ಕೆ ಬಂದಿದ್ದೂ ಧರ್ಮದ ಚಿತ್ರ ಮಾಡೋಣ ಅಂತಲೇ. 1935ರಲ್ಲಿ ಮೀನುಗಾರರ ಕುಟುಂಬಗಳ ಬಗ್ಗೆ ಒಂದು ಚಿತ್ರ ತೆಗೆಸಿದರು. ವೆನಿಸ್‌ನಲ್ಲಿ ಬಹುಮಾನ ಬಂತು, ಆದರೆ ಊರಲ್ಲಿ ಸರಿಯಾಗಿ ತೋರಿಸುವವರೇ ಇಲ್ಲ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಹಂಚುವವನು, ಥಿಯೇಟರಿನವನು ಮನಸ್ಸು ಮಾಡದಿದ್ದರೆ ಡಬ್ಬದಲ್ಲೇ ಕೊಳೆಯುತ್ತದೆ, ಇದು ಗಾಂಧಿನಗರದವರಿಗೆ ಹೇಳಿಕೊಡಬೇಕಿಲ್ಲ ಅಲ್ವಾ? ರ‍್ಯಾಂಕ್ ಮಾತ್ರ ಗೊಣಗುತ್ತ ಕೂರಲಿಲ್ಲ. ಹಂಚುವ ಕಂಪನಿಯಲ್ಲಿ ದುಡ್ಡು ಹಾಕಿದರು, 1936ರಲ್ಲಿ ಲಂಡನ್ ಹತ್ತಿರ ಶುರುವಾದ ಪೈನ್‌ವುಡ್ ಸ್ಟುಡಿಯೊಗೂ ಹಾಕಿದರು.

ಇನ್ನು ಥಿಯೇಟರು. ಒಡಿಯನ್ ಸರಪಳಿಯನ್ನು ಬೆಳೆಸಿದವರು ಬರ್ಮಿಂಗ್‌ಹ್ಯಾಂನ ಆಸ್ಕರ್ ಡಾಯ್ಚ್. ಒಡಿಯನ್ ಅಂದರೆ ಹಳೇ ಗ್ರೀಕರ ಸಂಗೀತದ ಮಂದಿರ. ಆದರೆ ಪ್ರಚಾರದವರು ಅದರ ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ, 'ಆಸ್ಕರ್ ಡಾಯ್ಚ್ ನಮ್ಮ ದೇಶವನ್ನು ರಂಜಿಸುತ್ತಾರೆ' ಅಂತ ಅರ್ಥ ಹಚ್ಚಿಬಿಟ್ಟರು. ಡಾಯ್ಚ್ 1941ರಲ್ಲಿ ತೀರಿಕೊಂಡರು. ಒಡಿಯನ್ ರ‍್ಯಾಂಕ್ ಕೈಗೆ ಬಂತು, ಅದೇ ಹೊತ್ತಿಗೆ ಗೋಮೊಂಟ್ ಸರಪಳಿಯೂ ಬಂತು. ಎರಡೂ ಸೇರಿ 600ಕ್ಕೂ ಜಾಸ್ತಿ ಥಿಯೇಟರು.

ಪೆಟ್ಟು ಬಿದ್ದಿದ್ದು 1947ರಲ್ಲಿ. ಯುದ್ಧ ಮುಗಿದು ಬ್ರಿಟನ್ನಿನ ಬಳಿ ಡಾಲರ್ ಖಾಲಿ. ಸರ್ಕಾರ ಹಾಲಿವುಡ್ ಚಿತ್ರಗಳ ಮೇಲೆ ಶೇ 75 ತೆರಿಗೆ ಹಾಕಿತು. ಹಾಲಿವುಡ್ಡಿನವರು ಸಿಟ್ಟಾಗಿ ಹೊಸ ಚಿತ್ರ ಕಳಿಸೋದನ್ನೇ ನಿಲ್ಲಿಸಿದರು. ಖಾಲಿ ಪರದೆ ತುಂಬಿಸಬೇಕು ಅಂತ ರ‍್ಯಾಂಕ್ ಸಾಲ ಮಾಡಿ ಸಾಲುಸಾಲು ಚಿತ್ರ ಶುರುಮಾಡಿದರು. ಅವು ತಯಾರಾಗಿ ಬರುವ ಹೊತ್ತಿಗೆ, 1948ರಲ್ಲಿ, ಸರ್ಕಾರ ರಾಜಿ ಮಾಡಿಕೊಂಡಿತು. ತಡೆದಿಟ್ಟಿದ್ದ ಅಮೆರಿಕದ ಚಿತ್ರಗಳೆಲ್ಲ ಒಟ್ಟಿಗೆ ನುಗ್ಗಿದವು. ರ‍್ಯಾಂಕ್ ಸಾಲ 1.6 ಕೋಟಿ ಪೌಂಡ್ ದಾಟಿತು. ಸರ್ಕಾರವನ್ನು ನಂಬಿ ಕೆಟ್ಟರು ಅಂತಲೇ ನಾನು ಹೇಳೋದು.

ಆಮೇಲೆ ಚುಕ್ಕಾಣಿ ಹಿಡಿದವರು ಲೆಕ್ಕಪತ್ರದ ಮನುಷ್ಯ ಜಾನ್ ಡೇವಿಸ್. ಕೈ ಬಿಗಿಹಿಡಿದೇ ನಡೆಸಿದರು. 1956ರಲ್ಲಿ ಅಮೆರಿಕದ ಪುಟ್ಟ ಕಂಪನಿಯೊಂದರ ಜತೆ ಸೇರಿ ರ‍್ಯಾಂಕ್ ಜೆರಾಕ್ಸ್ ಹುಟ್ಟುಹಾಕಿದರು. ಹೌದು, ನಮ್ಮ ಬೀದಿಬೀದಿಯ ಜೆರಾಕ್ಸ್ ಅಂಗಡಿಗೆ ಹೆಸರು ಕೊಟ್ಟ ಅದೇ ಜೆರಾಕ್ಸ್! ಸಿನಿಮಾಕ್ಕಿಂತ ಎಷ್ಟೋ ಪಟ್ಟು ಲಾಭ ನಕಲು ಯಂತ್ರದಿಂದಲೇ ಬಂತು. ಟಿವಿ ಬಂದಮೇಲೆ ಜನ ಥಿಯೇಟರಿಗೆ ಬರೋದು ಬಿಟ್ಟರು, ಎಷ್ಟೋ ಥಿಯೇಟರುಗಳು ಬಿಂಗೊ ಎಂಬ ಅಂಕಿಗಳ ಜೂಜು ಆಡುವ ಹಾಲ್ ಆದವು. 1980ರಲ್ಲಿ ಚಿತ್ರ ತೆಗೆಯೋದೂ ನಿಂತಿತು. 2000ದಲ್ಲಿ ಒಡಿಯನ್, ಪೈನ್‌ವುಡ್ ಎರಡನ್ನೂ ಮಾರಿದರು. ಎರಡೂ ಈಗಲೂ ನಡೆಯುತ್ತಿವೆ, ಬೇರೆಯವರ ಕೈಯಲ್ಲಿ.

ರ‍್ಯಾಂಕ್ ಹೆಸರಿನ ಕಂಪನಿಯೂ ಇದೆ. ಬಿಂಗೊ, ಕ್ಯಾಸಿನೊ ನಡೆಸುತ್ತದೆ. ಜೂಜನ್ನು ಪಾಪ ಅನ್ನುವ ಮೆಥಡಿಸ್ಟರ ಮನೆಯಿಂದ ಬಂದ ಹೆಸರು ಅದು.