ಇಬ್ಬರೇ ಇದ್ದಾಗ ಇಪ್ಪತ್ತೆಂಟು ಆಡೋದು ಹೇಗೆ?

ಮನೆಯಲ್ಲಿ ಈಗ ನೀವು, ನಿಮ್ಮ ಅಜ್ಜ ಇಬ್ಬರೇ. ಇಪ್ಪತ್ತೆಂಟು ಅಂದ್ರೆ ನಾಲ್ವರು ಎರಡು ಜೋಡಿಯಾಗಿ ಆಡೋ ಇಸ್ಪೀಟಾಟ. ಎಷ್ಟು ಪಾಯಿಂಟ್ ಮಾಡ್ತೀವಿ ಅಂತ ಕೂಗೋದು, ಹೆಚ್ಚು ಕೂಗಿದವರು ತುರುಪು (ಉಳಿದ ಜಾತಿಯನ್ನೆಲ್ಲ ಹೊಡೆಯೋ ಜಾತಿ) ಯಾವುದು ಅಂತ ಒಂದೆಲೆ ಮುಚ್ಚಿಡೋದು ಎಲ್ಲ ಹಾಗೇ ಇಟ್ಟುಕೊಂಡು ಇಪ್ಪತ್ತೆಂಟು ಆಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಥೇಟ್ ಹೀಗೇ ಆಗಿತ್ತು.

ನಮ್ಮದು ಹೊಸನಗರದ ಕಡೆ. ಆಷಾಢದ ಮಳೆ ಹಿಡಿದರೆ ತೋಟಕ್ಕೆ ಇಳಿಯೋಕಾಗಲ್ಲ, ಕರೆಂಟೂ ಇರಲ್ಲ. ಅಪ್ಪಯ್ಯ, ಚಿಕ್ಕಪ್ಪ, ಅಣ್ಣ, ನಾನು ಜಗಲಿಯಲ್ಲಿ ಕಂಬಳಿ ಹಾಸಿ ಕೂತರೆ ಊಟಕ್ಕೆ ಏಳಿಸೋಕೆ ಅಮ್ಮನೇ ಬರಬೇಕಿತ್ತು. ಆಮೇಲೆ ಅಣ್ಣ ಬೆಂಗಳೂರು ಸೇರಿದ. ಚಿಕ್ಕಪ್ಪ ಶಿವಮೊಗ್ಗದಲ್ಲಿರೋ ಮಗಳ ಮನೆಗೆ ಹೋದರು. ಅಮ್ಮನಿಗೆ ಇಸ್ಪೀಟೆಲೆ ಮುಟ್ಟೋದೇ ಇಷ್ಟ ಇಲ್ಲ. ಉಳಿದದ್ದು ಅಪ್ಪಯ್ಯ ಮತ್ತು ನಾನು.

ಏಳರಿಂದ ಎಕ್ಕದವರೆಗಿನ 32 ಎಲೆಯನ್ನು ಅರ್ಧ ಮಾಡಿ, ತಲಾ 16 ಹಂಚಿದೆ. ನನ್ನ ಎಲೆ, ನನ್ನ ಜೋಡಿಯ ಎಲೆ ಎರಡೂ ನನ್ನ ಕೈಯಲ್ಲೇ. ಅವರದ್ದೂ ಹಾಗೇ. ಉಳಿದ ನಿಯಮ ಒಂದನ್ನೂ ಬದಲಿಸಲಿಲ್ಲ. ಅದೇ ತಪ್ಪಾಗಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮಗೂ ಮೊದಲು ಹೊಳೆಯೋದು ಇದೇ.

ನನ್ನ ಹತ್ತಿರ 16 ಇದ್ದರೆ ಉಳಿದ 16 ಎದುರಿನವರ ಹತ್ತಿರವೇ ಇರಬೇಕು, ಅಲ್ವಾ? ಒಂದೆಲೆ ಬೀಳೋ ಮೊದಲೇ ಇಬ್ಬರಿಗೂ ಎಲ್ಲ ಗೊತ್ತು. ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಇಸ್ಪೀಟು, ಆಟೀನು ಅಂತ ಪ್ರತಿ ಜಾತಿಯಲ್ಲೂ 8 ಎಲೆ. ನಾಲ್ವರು ಆಡಿದರೆ ಒಬ್ಬರಿಗೆ ಹೆಚ್ಚುಕಮ್ಮಿ ಎರಡು ಬರುತ್ತವೆ. ಆ ಜಾತಿ ಎರಡನೇ ಸಲವೋ ಮೂರನೇ ಸಲವೋ ಬಿದ್ದಾಗ ಯಾರದ್ದಾದರೂ ಖಾಲಿ. ಅವರು ತುರುಪು ಕೇಳುತ್ತಾರೆ, ಮುಚ್ಚಿದ ಎಲೆ ತಿರುಗುತ್ತದೆ. ಆಟದ ಜೀವ ಇರೋದೇ ಅಲ್ಲಿ. ಇಬ್ಬರೇ 16-16 ಹಿಡಿದರೆ ಒಂದು ಜಾತಿ ಒಬ್ಬರಿಗೆ ನಾಲ್ಕರಂತೆ ಬರುತ್ತೆ. ಅದು ಖಾಲಿ ಆಗೋ ಹೊತ್ತಿಗೆ ಗುಲಾಮನ 3, ಒಂಬತ್ತರ 2, ಎಕ್ಕದ 1, ಹತ್ತರ 1, ಎಲ್ಲ ಯಾರದ್ದೋ ಪಾಲಾಗಿರುತ್ತೆ. 7 ಪಾಯಿಂಟೂ ಹೋದ ಮೇಲೆ ತುರುಪು ಕೇಳಿ ಏನು ಮಾಡೋದು? ಗುಲಾಮ ಜಾಸ್ತಿ ಬಂದವರು ಗೆದ್ದರು, ಅಷ್ಟೇ.

ಅಪ್ಪಯ್ಯ ನನಗೋಸ್ಕರ ಸ್ವಲ್ಪ ದಿನ ಆಡಿದರು. ಒಂದು ಸಂಜೆ ಎಲೆ ಕೆಳಗಿಟ್ಟು, "ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಮಾರಾಯ್ತಿ?" ಅಂದರು. ಆ ಮಳೆಗಾಲ ಮತ್ತೆ ಕಟ್ಟು ಬಿಚ್ಚಲಿಲ್ಲ. ವಯಸ್ಸಾಯಿತು, ಆಸಕ್ತಿ ಹೋಗಿದೆ ಅಂತ ನಾನೂ ಸುಮ್ಮನಾದೆ. ಅವರ ಜೊತೆ ಕೂರಬಹುದಾಗಿದ್ದ ಅಷ್ಟೂ ಸಂಜೆ ಹಾಗೇ ಕಳೆದುಹೋದವು. ಅದು ಈಗಲೂ ಬೇಜಾರು.

ಹಾಗಾಗಿ ಹೇಳುತ್ತೇನೆ, ಕೂಗೋದನ್ನು ಉಳಿಸಿಕೊಳ್ಳೋ ಆಸೆ ಬಿಡಿ. ಬರೀ ನಾಲ್ಕು ಎಲೆ ನೋಡಿ 14ರಿಂದ ಮೇಲಕ್ಕೆ ಕೂಗೋದು ಎದುರಿಗೆ ಕೂತ ಜೋಡಿಯನ್ನು ನಂಬಿ. ಜೋಡಿಯೇ ಇಲ್ಲದ ಮೇಲೆ ಯಾರನ್ನು ನಂಬಿ ಕೂಗೋದು?

ಎಲೆಗಳ ಬೆಲೆ ಹಾಗೇ ಇರಲಿ, ಆಟ ಬದಲಾಗಲಿ. ಯುರೋಪಿನಲ್ಲಿ 'ಅರವತ್ತಾರು' ಅಂತ ಇಬ್ಬರದ್ದೇ ಆಟ ಇದೆ, 24 ಎಲೆಯದ್ದು. ಆರಾರು ಹಂಚಿ, ಮುಂದಿನ ಎಲೆ ತಿರುಗಿಸಿ ತುರುಪು ಮಾಡುತ್ತಾರೆ. ಪ್ರತಿ ಸುತ್ತು ಮುಗಿದಾಗ ಕಟ್ಟಿನಿಂದ ಒಂದೊಂದು ಎತ್ತಿಕೊಳ್ಳುತ್ತಾರೆ. ಮುಂದಿನ ವರ್ಷ ಇದನ್ನೇ ನಮ್ಮ 32 ಎಲೆಗೆ ಹೊಂದಿಸಿದೆ. ತಲಾ 8 ಎಲೆ. 17ನೇದು ತಿರುಗಿಸಿ ಕಟ್ಟಿನ ಅಡಿಯಲ್ಲಿ, ಅರ್ಧ ಕಾಣೋ ಹಾಗೆ. ಅದೇ ತುರುಪು. ಸುತ್ತು ಗೆದ್ದವರು ಮೊದಲು ಎತ್ತಬೇಕು, ಆಮೇಲೆ ಸೋತವರು. ಅರವತ್ತಾರರಲ್ಲಿ ಕಟ್ಟು ಮುಗಿಯೋವರೆಗೆ ಅದೇ ಜಾತಿ ಹಾಕಬೇಕು ಅಂತಿಲ್ಲ. ಇಪ್ಪತ್ತೆಂಟು ಆಡಿದ ಕೈಗೆ ಅದು ಹಿಡಿಸಲ್ಲ. ಜಾತಿ ಇದ್ದರೆ ಹಾಕಲೇಬೇಕು, ಇಲ್ಲದಿದ್ದರೆ ತುರುಪು ಹೊಡೆಯಬಹುದು.

ಕಟ್ಟಿನಲ್ಲಿ ಇರೋದು 16. ಎಂಟನೇ ಸುತ್ತು ಸೋತವರಿಗೆ ಅಡಿಯ ತುರುಪು ಸಿಗುತ್ತೆ. ಅದು ಗುಲಾಮನಾಗಿದ್ದರೆ ಆ ಸುತ್ತು ಬೇಕಂತಲೇ ಸೋಲಬೇಕು! ಅಪ್ಪಯ್ಯನಿಗೆ ಇದು ಮೊದಲ ದಿನವೇ ಹೊಳೆಯಿತು. ಒಂದು ಏಳನ್ನೋ ಎಂಟನ್ನೋ ಅಲ್ಲಿಯವರೆಗೆ ಜೋಪಾನ ಮಾಡಿ ಇಟ್ಟಿರುತ್ತಿದ್ದರು. ನಂತರದ 8 ಸುತ್ತು ಪೂರ್ತಿ ನೆನಪಿನ ಮೇಲೆ. ಬಿದ್ದ ಎಲೆ ನೆನಪಿಟ್ಟವರಿಗೆ ಎದುರಿನವರ ಕೈ ಪೂರಾ ಗೊತ್ತಿರುತ್ತೆ. ನಿಮ್ಮ ಅಜ್ಜ ಹಳೇ ಆಟಗಾರರಾದರೆ ಇಲ್ಲಿ ನಿಮ್ಮನ್ನು ಸೋಲಿಸುತ್ತಾರೆ, ನೋಡಿ.

ಫೋನಿನಲ್ಲಿ ಆಡಿ, ನಾಲ್ವರೂ ಸಿಗುತ್ತಾರೆ ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಎದುರಿಗೆ ಕೂತವರ ಮುಖ ನೋಡದೆ ಆಡೋದು ಆ ವಯಸ್ಸಿನವರಿಗೆ ಆಟವೇ ಅಲ್ಲ.

15 ಪಾಯಿಂಟ್ ಆದವರು ಗೆದ್ದಂತೆ. 14-14 ಬಂದರೆ ಕೊನೆಯ ಸುತ್ತು ಎತ್ತಿದವರದ್ದು. ಇದನ್ನು ಮಾತ್ರ ಎಲೆ ಹಂಚೋ ಮೊದಲೇ ಮಾತಾಡಿಕೊಳ್ಳಿ.