ನೈಲಾನ್ ಮಳೆ ಜಾಕೆಟ್ ಮೇಲೆ ಯಂತ್ರ ಕಸೂತಿ ಹಾಕಿದರೆ ನೀರು ಒಳಗೆ ಇಳಿಯುತ್ತದೆಯೇ?

ಇಳಿಯುತ್ತದೆ. ಸೂಜಿ ಚುಚ್ಚಿದಲ್ಲೆಲ್ಲ ನೀರು ತಡೆಯುವ ಲೇಪಕ್ಕೆ ತೂತು ಬೀಳುತ್ತದೆ, ಆ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ತಪ್ಪಾದರೆ ಬಿಚ್ಚಿ ಹೊಲಿಯುವ ಅವಕಾಶವೂ ಇಲ್ಲ. ಆದ್ದರಿಂದ ಮೊದಲು ಅದೇ ಬಗೆಯ ತುಂಡು ಬಟ್ಟೆಯ ಮೇಲೆ ದಯವಿಟ್ಟು ಹಾಕಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ವಿನ್ಯಾಸ. ಒತ್ತೊತ್ತಾಗಿ ತುಂಬಿದ ಕಸೂತಿ ತೆಳು ನೈಲಾನನ್ನು ಸುಕ್ಕುಗಟ್ಟಿಸುತ್ತದೆ; ಕೆಲವೊಮ್ಮೆ ತೂತುಗಳ ಸಾಲಿನುದ್ದಕ್ಕೂ ಬಟ್ಟೆ ಅಂಚೆಚೀಟಿಯಂತೆ ಹರಿದುಬರುತ್ತದೆ. ಹಗುರವಾದ, ಗೆರೆಪ್ರಧಾನ ಚಿತ್ರವನ್ನೇ ಆರಿಸಿಕೊಳ್ಳಿ. ಸೂಜಿ 75/11 ಅಳತೆಯ, ಚೂಪು ಮೊನೆಯದಿರಲಿ. ದಾರ ಪಾಲಿಯೆಸ್ಟರ್‌ನದೇ ಆಗಬೇಕು, ಹತ್ತಿ ದಾರ ನೀರನ್ನು ಹೀರಿ ಒಳಗೆ ಎಳೆಯುತ್ತದೆ. ಕಸೂತಿ ಯಂತ್ರದ ಚೌಕಟ್ಟಿಗೆ ಜಾಕೆಟನ್ನೇ ಬಿಗಿದರೆ ಅಳಿಯದ ಗುರುತು ಉಳಿಯಬಹುದು. ಸ್ಟೆಬಿಲೈಸರನ್ನು (ಕಸೂತಿ ಹಾಕುವಾಗ ಬಟ್ಟೆಯ ಅಡಿಗೆ ಆಧಾರವಾಗಿ ಇಡುವ ಹಾಳೆ) ಮಾತ್ರ ಬಿಗಿದು, ಜಾಕೆಟನ್ನು ಅದರ ಮೇಲೆ ತಾತ್ಕಾಲಿಕ ಅಂಟಿನಿಂದ ಕೂರಿಸಿ. ಯಂತ್ರದ ವೇಗ ತಗ್ಗಿಸಿ.

ಮುಗಿದ ಮೇಲೆ ಹಿಂಬದಿಗೆ ಸೀಮ್ ಸೀಲರ್ (ಹೊಲಿಗೆಯ ತೂತುಗಳನ್ನು ಮುಚ್ಚುವ ಲೇಪ) ಹಚ್ಚಿ ಒಣಗಿಸಿ. ಪಾಲಿಯುರೆಥೇನ್ ಲೇಪಕ್ಕೂ ಸಿಲಿಕೋನ್ ಲೇಪಕ್ಕೂ ಬೇರೆ ಬೇರೆ ಸೀಲರ್ ಬೇಕು. ಬಿಸಿ ಇಸ್ತ್ರಿ ಬೇಡವೇ ಬೇಡ, ನೈಲಾನ್ ಕರಗುತ್ತದೆ.

ಜೋರು ಮಳೆಗೆಂದೇ ಇಟ್ಟುಕೊಂಡ ಜಾಕೆಟ್ ಆದರೆ ನಾನು ಸೂಜಿಯನ್ನೇ ತಾಗಿಸುವುದಿಲ್ಲ. ಕಸೂತಿಯನ್ನು ಬೇರೆ ಬಟ್ಟೆಯಲ್ಲಿ ಹಾಕಿ, ನೀರಿಗೆ ಬಿಡದ ಅಂಟಿನಿಂದ ಪ್ಯಾಚ್ ಆಗಿ ಅಂಟಿಸುತ್ತೇನೆ.