ನಾನಾ ಭಾಷೆಯ ಮಕ್ಕಳಿರುವ ಫಾರ್ಮಸಿ ಕ್ಲಾಸಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗುವುದು ಹೇಗೆ?

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಶಿವಮೊಗ್ಗದ ಕಡೆಯಿಂದ ಬಂದು ಕಾಸರಗೋಡಿನ ಫಾರ್ಮಸಿ ಕಾಲೇಜೊಂದರಲ್ಲಿ ಹೊಸದಾಗಿ ಪಾಠ ಶುರು ಮಾಡಿದ್ದೀರಿ. ಕ್ಲಾಸಿನಲ್ಲಿ ಮಲಯಾಳ, ಕನ್ನಡ, ತುಳು, ಬ್ಯಾರಿ, ಕೊಂಕಣಿ ಆಡುವ ಮಕ್ಕಳಿದ್ದಾರೆ. ಕನ್ನಡ ಮೀಡಿಯಂನಿಂದ ಬಂದವರು ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಾರೆ. ಸಿಲೆಬಸ್ ಮುಗಿಸುವ ಗಡಿಬಿಡಿಯಲ್ಲಿ ಇದಕ್ಕೆಲ್ಲ ಸಮಯ ಕೊಡಬೇಕಾ, ಕೊಡುವುದಾದರೆ ಏನು ಮಾಡಬೇಕು, ಆಡಳಿತದವರು ಒಪ್ಪದಿದ್ದರೆ ಏನು ಗತಿ.

ಕೊಡಲೇಬೇಕು. ನಾನು ಮಂಜೇಶ್ವರ ತಾಲೂಕಿನವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಮಂಗಳೂರಿನ ಕಡೆ ಬಿ.ಫಾರ್ಮ್, ಎಂ.ಫಾರ್ಮ್ ಮುಗಿಸಿ ಈಗ ಗಡಿಯ ಈಚೆ ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಬೆಂಚಿನ ಕಡೆಯಿಂದಲೂ ನೋಡಿದ್ದೇನೆ, ಬೋರ್ಡಿನ ಕಡೆಯಿಂದಲೂ ನೋಡುತ್ತಿದ್ದೇನೆ. ಆ ಹಿಂದಿನ ಬೆಂಚಿನ ಮಕ್ಕಳಿಗೆ ನಾವು ಉಪಕಾರ ಮಾಡಬೇಕು ಅಂತ ಹೊರಟರೆ ದಾರಿ ತಪ್ಪುತ್ತದೆ. ಈ ಜಿಲ್ಲೆಯ ರೋಗಿಗಳಿಗೆ ಅತಿ ಹೆಚ್ಚು ಬೇಕಾದವರು ಅವರೇ. ನಾವು ಪರೀಕ್ಷೆ ಮಾಡುವ ರೀತಿಯಲ್ಲಿ ಅದು ಕಾಣುವುದಿಲ್ಲ ಅಷ್ಟೆ.

ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನೇ ನೋಡಿ. ವಾರಕ್ಕೆ ಒಂದೇ ದಿನ ನುಂಗಬೇಕಾದ ಮದ್ದು. ಬಿಪಿ ಗುಳಿಗೆಯ ಹಾಗೆ ದಿನಾಲೂ ನುಂಗಿದರೆ ಬಾಯಿತುಂಬ ಹುಣ್ಣಾಗುತ್ತದೆ, ಮೂಳೆಯ ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದೇ ನಿಲ್ಲುತ್ತಾ ಬರುತ್ತದೆ, ಪ್ರಾಣ ಹೋದ ಪ್ರಕರಣಗಳು ಎಷ್ಟೋ ದೇಶಗಳಲ್ಲಿ ದಾಖಲಾಗಿವೆ. ಇನ್ನು ನಮ್ಮ ಊರಿನ ಸ್ಥಿತಿ ನೋಡಿ. ಚೀಟಿ ಬರೆದದ್ದು ಮಂಗಳೂರಿನ ಡಾಕ್ಟರು. ಮದ್ದು ಕೊಳ್ಳುವುದು ಉಪ್ಪಳದಲ್ಲೋ ಬದಿಯಡ್ಕದಲ್ಲೋ. ಸ್ಟ್ರಿಪ್ ಮೇಲೆ ಇರುವುದೆಲ್ಲ ಇಂಗ್ಲಿಷು. ಕೌಂಟರಿನವರು ಮಲಯಾಳದಲ್ಲಿ ಹೇಳುತ್ತಾರೆ. ತುಳು ಬಿಟ್ಟು ಬೇರೆ ಬಾರದ ಅಜ್ಜಿ ತಲೆ ಆಡಿಸಿ ಹೋಗುತ್ತಾರೆ. ಅರ್ಥವಾಗಿ ಆಡಿಸಿದ್ದಲ್ಲ, ಎದುರಿಗಿದ್ದವರ ಮರ್ಯಾದೆಗೆ ಆಡಿಸಿದ್ದು. ಆ ಅಂಗಡಿಯಲ್ಲಿ ತುಳು ಬರುವ ಫಾರ್ಮಸಿಸ್ಟ್ ಒಬ್ಬಳು ಇದ್ದರೆ ಕಥೆಯೇ ಬೇರೆ.

ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. 2015ರ ಫಾರ್ಮಸಿ ಪ್ರಾಕ್ಟಿಸ್ ರೆಗ್ಯುಲೇಶನ್ಸ್ ಪ್ರಕಾರ ಮದ್ದು ಕೊಡುವಾಗ ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟನ ಕೆಲಸ. ಎಷ್ಟು, ಹೇಗೆ, ಎಷ್ಟು ದಿನ, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಎಲ್ಲಿ ಇಡಬೇಕು, ಇದೆಲ್ಲ ಅದರಲ್ಲಿ ಬರುತ್ತದೆ. ರೋಗಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿ ಕೈತೊಳೆದುಕೊಂಡರೆ ಅದು ತಿಳಿಹೇಳಿದ್ದು ಹೇಗಾಗುತ್ತದೆ?

ಆದ್ದರಿಂದ ನಾನು ಕೊಡುವ ಮೊದಲ ಸಲಹೆ: ಕೌನ್ಸೆಲಿಂಗ್, ಅಂದರೆ ರೋಗಿಗೆ ಮದ್ದಿನ ಬಗ್ಗೆ ತಿಳಿಹೇಳುವ ಪ್ರಾಕ್ಟಿಕಲ್ಲನ್ನು ಮನೆಮಾತಿನಲ್ಲಿ ಮಾಡಿಸಿ, ಅದಕ್ಕೆ ಮಾರ್ಕು ಕೊಡಿ. ಬರೀ ಪ್ರೋತ್ಸಾಹದ ಮಾತು ಸಾಲದು. ಮಾರ್ಕು ಇಲ್ಲದ್ದನ್ನು ಮಕ್ಕಳು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಅವರನ್ನು ದೂರಿ ಪ್ರಯೋಜನವೂ ಇಲ್ಲ.

ನಾನು ಮಾಡಿಸುವುದು ಹೀಗೆ. ಒಬ್ಬರು ರೋಗಿ, ಒಬ್ಬರು ಫಾರ್ಮಸಿಸ್ಟ್, ಮೂರನೆಯವರು ಆ ಭಾಷೆ ಬರುವ ಇನ್ನೊಬ್ಬ ವಿದ್ಯಾರ್ಥಿ. ಮೂರನೆಯವರು ಎಲ್ಲ ಕೇಳಿ, ಏನು ಹೇಳಿದರು, ಏನು ಬಿಟ್ಟರು ಅಂತ ನನಗೆ ಇಂಗ್ಲಿಷಿನಲ್ಲಿ ವರದಿ ಮಾಡಬೇಕು. ನನಗೆ ಕೊಂಕಣಿ ಬಾರದು, ಬ್ಯಾರಿ ಅರ್ಧಂಬರ್ಧ ಬರುತ್ತದೆ. ಆದರೂ ಪರೀಕ್ಷೆ ನಡೆಯುತ್ತದೆ. ರೋಗಿಯಾದವರು ಕೊನೆಗೆ ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಸರಿಯಾಗಿ ಹೇಳಿದರೆ ಮಾತ್ರ ಫಾರ್ಮಸಿಸ್ಟಿಗೆ ಪೂರ್ತಿ ಮಾರ್ಕು. ಅದೇ ಕೌನ್ಸೆಲಿಂಗನ್ನು ರೆಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಮನೆಮಾತಿಗೆ ಮಣೆ ಹಾಕಿದರೆ ಇಂಗ್ಲಿಷು ಹಿಂದೆ ಬೀಳುತ್ತದೆ ಅನ್ನುವವರಿಗೆ ಇದೇ ಉತ್ತರ. ವಿಷಯ ಒಮ್ಮೆ ತಲೆಗೆ ಹತ್ತಿದ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಅಷ್ಟೇನೂ ಕಷ್ಟ ಅಲ್ಲ.

ಕಳೆದ ವರ್ಷ ಪೈವಳಿಕೆ ಕಡೆಯ ಒಬ್ಬ ಹುಡುಗಿಗೆ ಇದೇ ಮೆಥೊಟ್ರೆಕ್ಸೇಟ್ ಬಂತು. ಥಿಯರಿ ಕ್ಲಾಸಿನಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ರೋಗಿಯಾಗಿ ಕೂತವಳಿಗೆ ಅವಳು ಗುಳಿಗೆಯ ಮಾತನ್ನೇ ಎತ್ತಲಿಲ್ಲ. ಮೊದಲು ತುಳುವಿನಲ್ಲಿ, "ಮನೆಯಲ್ಲಿ ಮದ್ದು ಎತ್ತಿಕೊಡುವವರು ಯಾರು?" ಅಂತ ಕೇಳಿದಳು. ಆಮೇಲೆ, "ನಿಮಗೆ ಮರೆಯದ ವಾರ ಯಾವುದು?" ಆದಿತ್ಯವಾರ ಭಜನೆ ಇರುತ್ತದೆ ಅಂದಳು ಆ 'ಅಜ್ಜಿ'. ಹಾಗಾದರೆ ಈ ಗುಳಿಗೆ ಆದಿತ್ಯವಾರದ್ದು, ಉಳಿದ ಆರು ದಿನ ಇದನ್ನು ಮುಟ್ಟಲೇಬಾರದು, ಬಿಪಿ ಗುಳಿಗೆಯ ಡಬ್ಬಿಯಲ್ಲಿ ಇದನ್ನು ಹಾಕಲೇಬೇಡಿ ಅಂದಳು. ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ ಅಂತಲೂ ಸೇರಿಸಿದಳು. ಚೀಟಿಯಲ್ಲಿದ್ದ ಫೋಲಿಕ್ ಆಸಿಡ್ ಎಂಬ ವಿಟಮಿನ್ ಗುಳಿಗೆ ಬೇರೆ ದಿನಕ್ಕೆ ಅಂತ ಬಣ್ಣ ತೋರಿಸಿ ವ್ಯತ್ಯಾಸ ಹೇಳಿದಳು. ಅವತ್ತು ಅದಕ್ಕಿಂತ ಒಳ್ಳೆಯ ಕೌನ್ಸೆಲಿಂಗ್ ಬೇರೆ ಯಾರದ್ದೂ ಇರಲಿಲ್ಲ. ಮುಂದಿನ ಬೆಂಚಿನವರು ಅದನ್ನು ನೋಡಿ ಬರೆದುಕೊಂಡರು.

ಎರಡನೆಯದು ಪಾಠ ಮಾಡುವ ಭಾಷೆ. ನಮ್ಮ ಪುಸ್ತಕ ಇಂಗ್ಲಿಷು. ಆದರೆ ಕಷ್ಟದ ಜಾಗ ಬಂದಾಗ ಅಧ್ಯಾಪಕರು ಜಾರುವುದು ಮಲಯಾಳಕ್ಕೆ. ಗಡಿಯ ಆಚೆ ಮಂಗಳೂರಿನಲ್ಲಿ ಜಾರುವುದು ಕನ್ನಡಕ್ಕೆ. ಅಂದರೆ ಇಲ್ಲಿ ಕನ್ನಡದ ಮಗು, ಅಲ್ಲಿ ಕಣ್ಣೂರಿನ ಮಗು, ಸರಿಯಾಗಿ ಅರ್ಥವಾಗಬೇಕಾದ ಹೊತ್ತಿಗೇ ಹೊರಗೆ ಉಳಿಯುತ್ತದೆ. ಪುಸ್ತಕದ ಇಂಗ್ಲಿಷು ಒಂದು ಗೋಡೆ, ವಿವರಣೆಯ ಭಾಷೆ ಇನ್ನೊಂದು ಗೋಡೆ. ನೀವು ಶಿವಮೊಗ್ಗದವರು, ನಿಮಗೆ ಕನ್ನಡಕ್ಕೆ ಜಾರುವ ಆಸೆ ಆಗುತ್ತದೆ. ಆಗ ಮಲಯಾಳದ ಮಕ್ಕಳು ಹೊರಗಾಗುತ್ತಾರೆ, ನೆನಪಿರಲಿ. ವಿವರಣೆಯನ್ನು ಸಣ್ಣ ಸಣ್ಣ ವಾಕ್ಯದ ಇಂಗ್ಲಿಷಿನಲ್ಲೇ ನಿಧಾನಕ್ಕೆ ಕೊಡಿ, ಮುಖ್ಯ ಪದಗಳನ್ನು ಬೋರ್ಡಿನ ಮೇಲೆ ಬರೆಯಿರಿ, ಆಮೇಲೆ ಐದು ನಿಮಿಷ ಕೊಟ್ಟು ಅವರವರ ಭಾಷೆಯಲ್ಲಿ ಪಕ್ಕದವರಿಗೆ ಹೇಳಿಕೊಡಲು ಬಿಡಿ. ಕ್ಲಾಸಿನಲ್ಲಿ ಗಲಾಟೆ ಆಗುತ್ತದೆ, ಆಗಲಿ. ಕನ್ನಡದವರಿಗೆ ಸಂಜೆ ಬೇರೆಯೇ ಕ್ಲಾಸ್ ಇಟ್ಟರೆ ಹೇಗೆ ಅಂತ ಯಾರಾದರೂ ಸೂಚಿಸಬಹುದು. ಬೇಡ. ಅವರನ್ನು ಬೇರೆ ಕೂರಿಸಿದ ದಿನವೇ ಅವರು ದಡ್ಡರು ಅಂತ ಮುದ್ರೆ ಬೀಳುತ್ತದೆ.

ಭಾಷೆಯ ಬಗ್ಗೆಯೇ ಜಾಸ್ತಿ ಬರೆದೆ. ಇಲ್ಲಿ ಕಣ್ಣಿಗೆ ಮೊದಲು ಬೀಳುವುದು ಅದು. ಆದರೆ ಜಾತಿಯ ವಿಷಯ ಮೆಲ್ಲಗೆ ನಡೆಯುವುದರಿಂದ ಇನ್ನೂ ಆಳಕ್ಕೆ ಕೊರೆಯುತ್ತದೆ. ನಾನು ಓದುತ್ತಿದ್ದ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಫಾರಂ ಬಂದಾಗ ಕ್ಲರ್ಕ್ ಕ್ಲಾಸಿಗೇ ಬಂದು, "ಎಸ್‌ಸಿ, ಎಸ್‌ಟಿ ಎಲ್ಲ ಎದ್ದು ನಿಲ್ಲಿ" ಅನ್ನುತ್ತಿದ್ದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಒಂದು ವರ್ಷ ಎದ್ದೇ ನಿಲ್ಲಲಿಲ್ಲ, ಆ ವರ್ಷದ ದುಡ್ಡನ್ನೇ ಬಿಟ್ಟುಕೊಟ್ಟಳು. ಈಗ ಇ-ಗ್ರಾಂಟ್ಸ್ ಅನ್ನುವ ಕೇರಳ ಸರಕಾರದ ಸ್ಕಾಲರ್‌ಶಿಪ್ ಎಲ್ಲ ಆನ್‌ಲೈನ್, ಆದರೂ ಪಟ್ಟಿಯನ್ನು ನೋಟಿಸ್ ಬೋರ್ಡಿಗೋ ಕ್ಲಾಸಿನ ವಾಟ್ಸಾಪ್ ಗ್ರೂಪಿಗೋ ಹಾಕುವ ಅಭ್ಯಾಸ ಹೋಗಿಲ್ಲ. ನಿಮ್ಮಲ್ಲಿ ಹಾಗಿದ್ದರೆ ಇವತ್ತೇ ನಿಲ್ಲಿಸಿ. ಸರಕಾರದ ಹಣ ತಡವಾಗಿ ಬಂದರೆ ಮಗುವಿನ ಹಾಲ್ ಟಿಕೆಟ್ ತಡೆಯುವುದಕ್ಕೂ ಬಿಡಬೇಡಿ. ಮಂಜೇಶ್ವರ, ಕಾಸರಗೋಡು ಕಡೆ ಕೊರಗ ಸಮುದಾಯದ ಮನೆಗಳಿವೆ. ಅಂಥ ಮನೆಯಿಂದ ಒಂದು ಮಗು ಪ್ಲಸ್ ಟು ದಾಟಿ ನಮ್ಮ ಲ್ಯಾಬಿನವರೆಗೆ ಬಂದಿದೆ ಅಂದರೆ ಅದರ ಹಿಂದೆ ಎಷ್ಟು ಕಷ್ಟ ಇದೆ ಅಂತ ನಮಗೆ ಗೊತ್ತಿರಬೇಕು. ಅದನ್ನು ಎಲ್ಲರೆದುರು ಹೊಗಳಿಯೂ ಮುಜುಗರ ಮಾಡಬಾರದು. ಏಪ್ರನ್, ಕ್ಯಾಲ್ಕುಲೇಟರ್, ಪುಸ್ತಕ ಇದೆಯಾ ಅಂತ ಮೊದಲ ವಾರವೇ ಒಬ್ಬರನ್ನೇ ಕರೆದು ಕೇಳಿ.

ಪಾಠದ ಒಳಗೂ ಈ ಮಕ್ಕಳ ಮನೆಯ ಬದುಕಿಗೆ ಜಾಗ ಬೇಕು. ಕ್ಯಾಪ್ಸೂಲ್ ಪಾಠ ಮಾಡುವಾಗ ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ ಅಂತ ಹೇಳಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಇಲ್ಲಿನ ಕೌಂಟರಿನಲ್ಲಿ ಅದು ದೊಡ್ಡ ಪ್ರಶ್ನೆ. ಹವ್ಯಕರ ಮನೆಯ ಅಜ್ಜನೂ ಕೇಳುತ್ತಾರೆ, ಬ್ಯಾರಿ ಮನೆಯ ಕಾಕನೂ ಕೇಳುತ್ತಾರೆ, "ಇದರ ಸಿಪ್ಪೆ ಎಂತದ್ದು?" ಕೇಳಲು ನಾಚಿಕೆಪಡುವವರು ಸಿಪ್ಪೆ ಬಿಸಾಡಿ ಒಳಗಿನದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಸಿಡಿಟಿಗೆ ಕೊಡುವ ಒಮೆಪ್ರಜೋಲ್ ಕ್ಯಾಪ್ಸೂಲಿನ ಒಳಗಿನ ಕಾಳುಗಳನ್ನು ಅಗಿದು ನುಂಗಿದರೆ ಹೊಟ್ಟೆಯ ಆಸಿಡಿನಲ್ಲೇ ಮದ್ದು ಹಾಳಾಗುತ್ತದೆ. ಗಿಡದ ಸೆಲ್ಯುಲೋಸಿನಿಂದ ಮಾಡಿದ ಎಚ್‌ಪಿಎಂಸಿ ಕ್ಯಾಪ್ಸೂಲ್ ಇದೆ, ಕೆಲವು ಮದ್ದು ಗುಳಿಗೆಯಾಗಿಯೂ ಸಿಗುತ್ತದೆ, ಡಾಕ್ಟರನ್ನು ಕೇಳಿ ಬದಲಿಸಬಹುದು ಅಂತ ಹೇಳುವುದಕ್ಕೆ ಮಕ್ಕಳಿಗೆ ಬರಬೇಕು.

ರಂಜಾನ್ ತಿಂಗಳೂ ಹಾಗೆಯೇ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಉಪವಾಸವಿದ್ದು ಎಂದಿನ ಹಾಗೆ ಬೆಳಗ್ಗೆ ಗುಳಿಗೆ ನುಂಗಿದರೆ ಮಧ್ಯಾಹ್ನ ಸಕ್ಕರೆ ಕುಸಿದು ಬೀಳಬಹುದು. ಉಪವಾಸಕ್ಕೆ ಮೊದಲೇ ಡಾಕ್ಟರನ್ನು ಕಂಡು ಡೋಸನ್ನು ಇಫ್ತಾರಿಗೆ ಬದಲಿಸಿಕೊಳ್ಳಬೇಕು, ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಉಪವಾಸ ಮುರಿಯಲೇಬೇಕು. ಇದನ್ನು ಕ್ಲಾಸಿನಲ್ಲಿ ಬ್ಯಾರಿ ಮಕ್ಕಳು ವಿವರಿಸಿದರೆ ಉಳಿದವರ ತಲೆಗೆ ಬೇಗ ಹತ್ತುತ್ತದೆ. ಅದೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಮೂರು ತಾಸು ನಿಂತು ಮಾಡುವ ಪ್ರಾಕ್ಟಿಕಲ್ ಪರೀಕ್ಷೆಯನ್ನು ಬೆಳಗ್ಗೆಗೆ ಹಾಕಿದರೆ ಯಾರಿಗೂ ನಷ್ಟ ಇಲ್ಲ.

ಪುಸ್ತಕಗಳನ್ನೂ ಸುಮ್ನೆ ನಂಬಬೇಡಿ. ಔಷಧದ ಅಲರ್ಜಿ ಅಂದರೆ ಬಿಳಿ ಚರ್ಮದ ಮೇಲೆ ಕೆಂಪು ದದ್ದಿನ ಚಿತ್ರ ಇರುತ್ತದೆ. ನಮ್ಮ ಕಪ್ಪು ಚರ್ಮದ ಮೇಲೆ ಅದು ಕಂದಾಗಿ, ನೇರಳೆಯಾಗಿ ಕಾಣುತ್ತದೆ, ಎಷ್ಟೋ ಸಲ ಕಾಣುವುದೇ ಇಲ್ಲ. ಅಮೆರಿಕದಲ್ಲಿ ಕಿಡ್ನಿಯ ಶಕ್ತಿ ಲೆಕ್ಕ ಹಾಕುವ ಸೂತ್ರದಲ್ಲೇ ಕಪ್ಪು ಜನರಿಗೆ ಬೇರೆ ಗುಣಾಂಕ ಇತ್ತು. 2021ರಲ್ಲಿ ಅಲ್ಲಿನ ಕಿಡ್ನಿ ತಜ್ಞರ ಸಂಘಟನೆಗಳು ಅದನ್ನು ಕೈಬಿಟ್ಟು ಹೊಸ ಸೂತ್ರ ತಂದವು. ಎಷ್ಟೋ ಮದ್ದುಗಳ ಡೋಸ್ ಆ ಲೆಕ್ಕದ ಮೇಲೆ ನಿಂತಿದೆ. ಮಕ್ಕಳಿಗೆ ಇಂಥದ್ದು ಹೇಳಿದರೆ ಪುಸ್ತಕವನ್ನು ಪ್ರಶ್ನೆ ಮಾಡಬಹುದು ಅನ್ನುವ ಧೈರ್ಯ ಬರುತ್ತದೆ.

ಅಂಗವಿಕಲ ಮಕ್ಕಳ ಬಗ್ಗೆ ನೀವು ಕೇಳಿಲ್ಲ, ಆದರೆ ಈ ಜಿಲ್ಲೆಯಲ್ಲಿದ್ದು ಅದನ್ನು ಬಿಡಲು ಆಗುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಅದರ ಪೆಟ್ಟು ತಿಂದ ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಇವತ್ತಿಗೂ ಹಾಸಿಗೆ ಹಿಡಿದವರಿಗೆ ಅಪಸ್ಮಾರದ ಮದ್ದನ್ನು ತಾಯಂದಿರೇ ಅಳೆದು ಕುಡಿಸುತ್ತಾರೆ. ಡಿ.ಫಾರ್ಮ್ ಮಕ್ಕಳ 500 ಗಂಟೆಯ ತರಬೇತಿಯಲ್ಲಿ ಸ್ವಲ್ಪ ಭಾಗ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಆಗಲಿ. ಫೋಟೋ ತೆಗೆಯುವುದಕ್ಕಲ್ಲ, ಸಿರಪ್ಪನ್ನು ಅಡುಗೆಮನೆಯ ಚಮಚದ ಬದಲು ಎಂಎಲ್ ಗೆರೆ ಇರುವ ಸಿರಿಂಜಿನಲ್ಲಿ ಅಳೆಯುವುದು ಹೇಗೆ ಅಂತ ಆ ತಾಯಿಗೆ ಅವಳ ಭಾಷೆಯಲ್ಲಿ ತೋರಿಸಿಕೊಡುವುದಕ್ಕೆ.

ಕಾಲೇಜಿನ ಒಳಗೂ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಇಡಬೇಕು ಅನ್ನುತ್ತದೆ. ಸೀಟು ಇಟ್ಟು ಲ್ಯಾಬನ್ನು ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಇಟ್ಟರೆ ಏನು ಬಂತು? ಬಣ್ಣ ಸರಿಯಾಗಿ ಕಾಣದ ಹುಡುಗ ಟೈಟ್ರೇಶನ್‌ನಲ್ಲಿ, ಅಂದರೆ ದ್ರಾವಣದ ಬಣ್ಣ ಬದಲಾಗುವುದನ್ನು ನೋಡಿ ಅಳೆಯುವ ಪ್ರಯೋಗದಲ್ಲಿ, ತೆಳು ಗುಲಾಬಿ ಬಂದದ್ದನ್ನು ಗುರುತಿಸಲಾರ. ಪಿಎಚ್ ಮೀಟರ್ ಕೊಡಿ, ಅವನು ಇನ್ನೂ ಕರಾರುವಾಕ್ಕಾಗಿ ಮಾಡುತ್ತಾನೆ.

ಇನ್ನು ಆಡಳಿತದವರ ವಿಷಯ. ಮುಕ್ಕಾಲು ಭಾಗಕ್ಕೆ ಅವರ ಒಪ್ಪಿಗೆಯೇ ಬೇಡ. ಬಿ.ಫಾರ್ಮ್ ಮೊದಲ ಸೆಮಿಸ್ಟರಿನಲ್ಲಿ ಕಮ್ಯುನಿಕೇಶನ್ ಸ್ಕಿಲ್ಸ್ ಇದೆ, ಅದಕ್ಕೆ ಪ್ರಾಕ್ಟಿಕಲ್ಲೂ ಇದೆ. ಗಣಿತ ಓದಿ ಬಂದವರಿಗೆ ರೆಮಿಡಿಯಲ್ ಬಯಾಲಜಿ, ಬಯಾಲಜಿ ಓದಿ ಬಂದವರಿಗೆ ರೆಮಿಡಿಯಲ್ ಮ್ಯಾಥ್ಸ್ ಇದೆ. ಎಲ್ಲರೂ ಒಂದೇ ಕಡೆಯಿಂದ ಬರುವುದಿಲ್ಲ ಅಂತ ಸಿಲೆಬಸ್ಸೇ ಒಪ್ಪಿಕೊಂಡಿದೆ, ಅಲ್ವಾ? ಇವಕ್ಕೆ ಯೂನಿವರ್ಸಿಟಿ ಪರೀಕ್ಷೆ ಇಲ್ಲ, ಕಾಲೇಜಿನಲ್ಲೇ ಮಾರ್ಕು ಹಾಕುವುದು. ಅದಕ್ಕೇ ಎಷ್ಟೋ ಕಡೆ ಆ ಗಂಟೆಗಳನ್ನು ಬೇರೆ ಪಾಠಕ್ಕೆ ಕಿತ್ತುಕೊಳ್ಳುತ್ತಾರೆ. ನೀವು ಅವನ್ನೇ ಕೇಳಿ ತೆಗೆದುಕೊಳ್ಳಿ, ಬೇಡ ಅನ್ನುವವರು ಯಾರೂ ಸಿಗುವುದಿಲ್ಲ. ಡಿ.ಫಾರ್ಮ್‌ನಲ್ಲಾದರೆ ಸೋಶಿಯಲ್ ಫಾರ್ಮಸಿ, ಕಮ್ಯುನಿಟಿ ಫಾರ್ಮಸಿ ಎರಡೂ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ.

ಒಪ್ಪಿಗೆ ಬೇಕಾಗುವುದು ಪರೀಕ್ಷೆಯ ಸಮಯ, ಲ್ಯಾಬಿನ ಜಾಗ, ಹಾಲ್ ಟಿಕೆಟ್, ಈ ಮೂರಕ್ಕೆ. ಅದನ್ನು ಟೈಂಟೇಬಲ್ ಆಗುವ ಮೊದಲೇ ಬರಹದಲ್ಲಿ ಕೊಡಿ. ಬಾಯಲ್ಲಿ ಹೇಳಿದರೆ ಮರೆತುಬಿಡುತ್ತಾರೆ. ಅರ್ಜಿಯಲ್ಲಿ ನಿಮ್ಮ ಜೊತೆ ಮಲಯಾಳಿ ಸಹೋದ್ಯೋಗಿಯೊಬ್ಬರ ಸಹಿಯೂ ಇರಲಿ, ಇಲ್ಲದಿದ್ದರೆ ಇದು ಕನ್ನಡದವರ ಗಲಾಟೆ ಅಂತ ಪಕ್ಕಕ್ಕೆ ಸರಿಸಿಬಿಡುತ್ತಾರೆ.